ತಂದುಕೊಂಡ ನಗು ಕಪಟವೇ?



ವಿಜಯನಗರದ ಬಟ್ಟೆ ಅಂಗಡಿಯೊಂದರಲ್ಲಿ ದುಡಿಯುವ ಸೋದರಿಯೊಬ್ಬರು ಭಾನುವಾರದ ಬಲಿಪೂಜೆಯ ನಂತರ ನನ್ನನ್ನು ಕೇಳಿದರು: "ಫಾದರ್, ದಿನವೆಲ್ಲ ಗಿರಾಕಿಗಳ ಮುಂದೆ ನಗುತ್ತೇನೆ. ಮನೆಗೆ ಬಂದರೆ ಹಾಸಿಗೆ ಹಿಡಿದ ಅತ್ತೆಯ ಮುಂದೆಯೂ ನಗಬೇಕು. ಒಳಗೆ ಸಂಕಟ, ಹೊರಗೆ ನಗು. ಇದು ಕಪಟವಲ್ಲವೇ?"

ತಟ್ಟನೆ ಉತ್ತರಿಸಲಾಗಲಿಲ್ಲ. ತಂದುಕೊಂಡ ನಗುವಿನಿಂದಲೂ ದೇಹಕ್ಕೆ ಹಿತವಿದೆ ಎಂಬುದನ್ನು ಓದಿದ್ದೆ. ಅಮೆರಿಕದ ಕ್ಯಾನ್ಸಸ್ ವಿಶ್ವವಿದ್ಯಾಲಯದ ತಾರಾ ಕ್ರಾಫ್ಟ್ ಮತ್ತು ಸಾರಾ ಪ್ರೆಸ್‌ಮನ್ 2012ರಲ್ಲಿ ಒಂದು ಪ್ರಯೋಗವನ್ನು ಪ್ರಕಟಿಸಿದರು. ಬಾಯಲ್ಲಿ ಊಟದ ಕಡ್ಡಿ ಕಚ್ಚಿಸಿ ಕೆಲವರ ತುಟಿಗಳನ್ನು ನಗುವಿನ ಆಕಾರಕ್ಕೆ ತಂದರು. ಬಳಿಕ ಮಂಜಿನ ನೀರಿನಲ್ಲಿ ಕೈಯಿಡಿಸುವಂಥ ಕಷ್ಟ ಕೊಟ್ಟರು. ಕಷ್ಟ ಮುಗಿದು ಚೇತರಿಸಿಕೊಳ್ಳುವಾಗ, ನಗುಮುಖದವರ ಹೃದಯಬಡಿತ ಇತರರಿಗಿಂತ ಕಡಿಮೆಯಿತ್ತು. ನಗುತ್ತಿದ್ದೇವೆಂದು ಅರಿಯದವರಲ್ಲೂ ಅಷ್ಟಿಷ್ಟು ಹೀಗೆಯೇ. ಆದರೆ ಇದನ್ನು ಹಿಗ್ಗಿಸಬಾರದು. ಹಲ್ಲಿನಲ್ಲಿ ಪೆನ್ನು ಕಚ್ಚಿದರೆ ಮನಸ್ಸೂ ಹಿಗ್ಗುತ್ತದೆಂದು ಹೇಳಿದ್ದ 1988ರ ಪ್ರಯೋಗವನ್ನು ಹಲವು ದೇಶಗಳ 17 ಪ್ರಯೋಗಾಲಯಗಳು ಪುನಃ ನಡೆಸಿದವು. 2016ರಲ್ಲಿ ಪ್ರಕಟವಾದ ಅವುಗಳ ಒಟ್ಟು ಫಲ ಅದನ್ನು ಸಮರ್ಥಿಸಲಿಲ್ಲ.

ಹೃದಯಬಡಿತದ ಲೆಕ್ಕ ಹೇಳಿದ್ದರೆ ಆ ಸೋದರಿಗೆ ಸಮಾಧಾನವಾಗುತ್ತಿತ್ತೇ? ಅವರು ಕೇಳಿದ್ದು ಸತ್ಯದ ಪ್ರಶ್ನೆ.

ವಿಭೂತಿ ಬುಧವಾರದ ಶುಭಸಂದೇಶವನ್ನು ನೆನೆಯಿರಿ (ಮತ್ತಾಯ, 6ನೇ ಅಧ್ಯಾಯ). ಉಪವಾಸವಿರುವಾಗ ಮುಖ ಬಾಡಿಸಿಕೊಳ್ಳದೆ, ತಲೆಗೆ ಎಣ್ಣೆ ಹಚ್ಚಿ ಮುಖ ತೊಳೆದುಕೊಳ್ಳಬೇಕೆಂದು ಪ್ರಭು ಯೇಸು ಬೋಧಿಸುತ್ತಾರೆ. ಹೊಟ್ಟೆ ಹಸಿದಿದ್ದರೂ ಮುಖ ಬೆಳಗಿರಲಿ ಎನ್ನುತ್ತಾರೆ! ಅಲ್ಲಿ ಕಪಟಿಯೆನಿಸಿಕೊಂಡವನು ತನ್ನ ಕಷ್ಟವನ್ನು ಪ್ರದರ್ಶಿಸಿದವನೇ ಹೊರತು ಮರೆಸಿದವನಲ್ಲ. ಸೊಸೆ ನಕ್ಕರೆ ತಾನು ಹೊರೆಯಲ್ಲವೆಂದು ಅತ್ತೆಗೆ ಅನಿಸುತ್ತದೆ. ಅಂಥ ನಗುವನ್ನು ಸುಳ್ಳೆನ್ನಲು ನನಗೆ ಮನಸ್ಸಿಲ್ಲ.

ಅಂಗಡಿಯ ನಗುವಿನ ಮಾತು ಬೇರೆ. ವಿಮಾನದ ಪರಿಚಾರಿಕೆಯರು ಸಂಬಳಕ್ಕಾಗಿ ನಗಬೇಕಾದಾಗ ತಮ್ಮ ಭಾವನೆಗೇ ಹೇಗೆ ಪರಕೀಯರಾಗುತ್ತಾರೆಂದು ಸಮಾಜಶಾಸ್ತ್ರಜ್ಞೆ ಆರ್ಲಿ ಹಾಕ್‌ಶೀಲ್ಡ್ 1983ರಲ್ಲೇ ಬರೆದರು. ನಮ್ಮ ರಾಜಾಜಿನಗರ, ವಿಜಯನಗರದ ಅಂಗಡಿಗಳಲ್ಲಿ ಹಗಲೆಲ್ಲ ನಿಂತೇ ದುಡಿಯುವವರಿಗೂ ಇದು ಸಲ್ಲುತ್ತದೆ. (ಮುಖ ಗಂಟಿಕ್ಕಿದ ಮಾರಾಟಗಾರ್ತಿಯ ಮೇಲೆ ರೇಗುವ ಗಿರಾಕಿಗಳಲ್ಲಿ ನಮ್ಮ ಧರ್ಮಕೇಂದ್ರದವರೂ ಇದ್ದಾರು.)

ಬೆಥಾನಿಯದಲ್ಲಿ ಲಾಜರನ ಸಮಾಧಿಯೆಡೆಗೆ ನಡೆದಾಗ ಪ್ರಭು ಅತ್ತರು. ಸುತ್ತಲಿದ್ದವರು ಅದನ್ನು ಕಂಡರು. ಆದ್ದರಿಂದ ನಾನು ಆ ಸೋದರಿಗೆ ಹೇಳಿದೆ: "ಅತ್ತೆಯ ಮುಂದೆ ನಗುವುದು ಕಪಟವಲ್ಲಮ್ಮ. ಆದರೆ ದಿನದಲ್ಲಿ ನೀವು ನಗದೇ ಇರಬಹುದಾದ ಜಾಗ ಯಾವುದಿದೆ?"

ಅವರು ಯೋಚಿಸಿದರು. "ಕೆಂಗೇರಿಗೆ ಹಿಂದಿರುಗುವ ಮೆಟ್ರೊ, ಫಾದರ್. ಅಲ್ಲಿ ಯಾರೂ ನನ್ನ ಮುಖ ನೋಡುವುದಿಲ್ಲ."

ಮನೆಯಲ್ಲಿ ಗಂಡನಿದ್ದಾರೆ, ಬೆಳೆದ ಇಬ್ಬರು ಮಕ್ಕಳಿದ್ದಾರೆ.