ಚಿರಕಾರಿಯ ಆಯುಧಪೂಜೆ

ಶರನ್ನವರಾತ್ರಿಯ ಒಂಬತ್ತನೆಯ ದಿನ ಆಸ್ತಿಕರು ತಮ್ಮ ತಮ್ಮ ಆಯುಧಗಳನ್ನು ಕೆಳಗಿಟ್ಟು ಪೂಜಿಸುತ್ತಾರೆ. ಆಯುಧವೆಂದರೆ ಕ್ಷತ್ರಿಯನ ಖಡ್ಗವೊಂದೇ ಅಲ್ಲ. ರೈತನಿಗೆ ನೇಗಿಲು, ಬಡಗಿಗೆ ಉಳಿ, ಅಡುಗೆಯವನಿಗೆ ಸೌಟು, ಗುಮಾಸ್ತನಿಗೆ ಲೇಖನಿ ಆಯುಧವೇ ಸರಿ. ಚೆನ್ನೈ ಮಹಾನಗರದಲ್ಲಿ ಈ ಪೂಜೆಯ ಸಂಭ್ರಮ ಮನೆಗಳಲ್ಲಿರುವಂತೆಯೇ ಕಚೇರಿ, ಕಾರ್ಖಾನೆ, ಅಂಗಡಿಗಳಲ್ಲಿಯೂ ಕಾಣುತ್ತದೆ. ಲೆಕ್ಕದ ಪುಸ್ತಕಗಳಿಗೂ ಯಂತ್ರಗಳಿಗೂ ಕುಂಕುಮವಿಟ್ಟು, ಪುರಿ, ಹುರಿಗಡಲೆ, ಬೆಲ್ಲಗಳನ್ನು ನಿವೇದಿಸಿ, ಬಾಗಿಲಲ್ಲಿ ಬೂದುಗುಂಬಳಕಾಯಿ ಒಡೆಯುತ್ತಾರೆ. ಪೂಜೆಗಿಟ್ಟ ಪುಸ್ತಕವನ್ನು ಅಂದು ಓದುವಂತಿಲ್ಲ. ಪೂಜೆಗಿಟ್ಟ ಆಯುಧವನ್ನು ಅಂದು ಬಳಸುವಂತಿಲ್ಲ. ವಿಜಯದಶಮಿಯ ದಿನ ಅವನ್ನು ಮರಳಿ ಕೈಗೆತ್ತಿಕೊಳ್ಳಬೇಕು.

ಈ ಇಡುವಿಕೆಗೂ ಎತ್ತಿಕೊಳ್ಳುವಿಕೆಗೂ ಇರುವ ಅರ್ಥವೇನು? ಮಹಾಭಾರತದ ಶಾಂತಿಪರ್ವದಲ್ಲಿ ಬರುವ ಒಂದು ಉಪಾಖ್ಯಾನ ಇದಕ್ಕೆ ಉತ್ತರ ಕೊಡುತ್ತದೆ.

ಒಂದು ಕಾರ್ಯವನ್ನು ಬೇಗನೆ ನಿರ್ಣಯಿಸಬೇಕೇ, ನಿಧಾನವಾಗಿ ನಿರ್ಣಯಿಸಬೇಕೇ ಎಂದು ಧರ್ಮರಾಯನು ಶರಶಯ್ಯೆಯಲ್ಲಿದ್ದ ಭೀಷ್ಮಾಚಾರ್ಯರನ್ನು ಪ್ರಶ್ನಿಸುತ್ತಾನೆ. ರಾಜ್ಯಭಾರವನ್ನು ಹೊರಲಿರುವವನ ಪ್ರಶ್ನೆಯದು. ಅದಕ್ಕೆ ಪಿತಾಮಹರು ಹೇಳಿದ್ದು ಗೌತಮ ಮಹರ್ಷಿಯ ಮಗನಾದ ಚಿರಕಾರಿಯ ಕಥೆ. ಯಾವ ಕೆಲಸವನ್ನೂ ಬಹುಕಾಲ ಯೋಚಿಸಿ ಮಾಡುತ್ತಿದ್ದುದರಿಂದ ಅವನಿಗೆ ಆ ಹೆಸರು ಬಂದಿತ್ತು. ದೂರದೃಷ್ಟಿಯಿಲ್ಲದವರು ಅವನನ್ನು ಸೋಮಾರಿಯೆಂದೂ ಮಂದಬುದ್ಧಿಯವನೆಂದೂ ಹಳಿಯುತ್ತಿದ್ದರು.

ಒಮ್ಮೆ ಗೌತಮನು ತನ್ನ ಪತ್ನಿಯ ಮೇಲೆ ಕ್ರುದ್ಧನಾಗಿ, ತಾಯಿಯನ್ನು ಕೊಲ್ಲೆಂದು ಮಗನಿಗೆ ಆಜ್ಞಾಪಿಸಿ ಅರಣ್ಯಕ್ಕೆ ಹೊರಟುಹೋದನು. ಚಿರಕಾರಿಯು ತನ್ನ ಸ್ವಭಾವದಂತೆ ಯೋಚಿಸತೊಡಗಿದನು. ತಂದೆಯ ಆಜ್ಞೆಯನ್ನು ಪಾಲಿಸುವುದು ಪರಮಧರ್ಮ. ತಾಯಿಯನ್ನು ರಕ್ಷಿಸುವುದು ಸ್ವಧರ್ಮ. ಒಂದನ್ನು ಹಿಡಿದರೆ ಇನ್ನೊಂದು ಕೆಡುತ್ತದೆ. ಹೀಗೆ ಎರಡು ಪಕ್ಷಗಳನ್ನೂ ತೂಗಿ ನೋಡುತ್ತಿರುವಾಗಲೇ ಬಹಳ ಹೊತ್ತು ಕಳೆಯಿತು. ಅತ್ತ ಕಾಡಿನಲ್ಲಿ ಕೋಪವಿಳಿದ ಗೌತಮನಿಗೆ ತನ್ನ ಆಜ್ಞೆಯ ಘೋರತೆ ಅರಿವಾಯಿತು. ಮಗನು ಇಂದಾದರೂ ಹೆಸರಿಗೆ ತಕ್ಕಂತೆ ನಡೆದುಕೊಂಡಿರಲಿ ಎಂದು ಹಂಬಲಿಸುತ್ತ, ಕಣ್ಣೀರಿಡುತ್ತ ಆಶ್ರಮಕ್ಕೆ ಹಿಂದಿರುಗಿದನು. ತಂದೆಯನ್ನು ಕಂಡೊಡನೆ ಚಿರಕಾರಿಯು ಆಯುಧವನ್ನು ಕೆಳಗಿಟ್ಟು ತಲೆಬಾಗಿದನು. ತಾಯಿ ಜೀವಂತವಾಗಿದ್ದಳು. ಕೋಪ, ದರ್ಪ, ದ್ರೋಹ, ಪಾಪಕರ್ಮ ಮೊದಲಾದವುಗಳಲ್ಲಿ ತಡ ಮಾಡುವವನೇ ಪ್ರಶಂಸಾರ್ಹನೆಂದು ಈ ಕಥೆ ಸಾರುತ್ತದೆ. ಆಯುಧಪೂಜೆಯ ತಿರುಳೂ ಇದೇ. ಕೈಯಲ್ಲಿ ಆಯುಧವಿದೆಯೆಂದ ಮಾತ್ರಕ್ಕೆ ಅದನ್ನು ಬೀಸಬೇಕಾಗಿಲ್ಲ.

ಆಶ್ರಮದ ಈ ಕಥೆ ಇಂದಿನ ಉದ್ಯೋಗಸ್ಥನಿಗೆ ಹೇಗೆ ಅನ್ವಯಿಸೀತೆಂದು ಸಂಶಯಪಡುವವರು ಚೆನ್ನೈ ನಗರದ ಚರಿತ್ರೆಯನ್ನೇ ನೋಡಬಹುದು. 1906ರ ಅಕ್ಟೋಬರ್ ತಿಂಗಳಲ್ಲಿ ಮದರಾಸಿನ ಹೆಸರಾಂತ ಅರ್ಬತ್‌ನಾಟ್ ಕಂಪನಿ ದಿವಾಳಿಯೆದ್ದಿತು. ಅದರ ಲಂಡನ್ ಪಾಲುದಾರನು ಪರರ ಹಣವನ್ನು ಸಟ್ಟಾ ವ್ಯವಹಾರಗಳಲ್ಲಿ ಕಳೆದಿದ್ದನು. ಒಳಗೆ ಪೊಳ್ಳಾಗಿದ್ದರೂ ಸಂಸ್ಥೆ ಹೊರಗೆ ಠೇವಣಿಗಳನ್ನು ಸ್ವೀಕರಿಸುತ್ತಲೇ ಇತ್ತು. ಹೆಸರಿನ ಘನತೆಯೇ ಭದ್ರತೆಯೆಂದು ನಂಬಿದ ಸಾವಿರಾರು ಜನರ ಉಳಿತಾಯ ಮುಳುಗಿತು. ಸಂಸ್ಥೆಯ ಮುಖ್ಯಸ್ಥನಾದ ಸರ್ ಜಾರ್ಜ್ ಅರ್ಬತ್‌ನಾಟನಿಗೆ ಸೆರೆವಾಸವಾಯಿತು. ಇಂತಹ ನಂಬಿಕೆಯ ಭಂಗದ ನಡುವೆ ವಕೀಲ ವಿ. ಕೃಷ್ಣಸ್ವಾಮಿ ಅಯ್ಯರ್ ಮೊದಲಾದವರ ಪ್ರಯತ್ನದಿಂದ 1907ರಲ್ಲಿ ಇಂಡಿಯನ್ ಬ್ಯಾಂಕ್ ಸ್ಥಾಪಿತವಾಯಿತು. ಆಗ ಮದರಾಸು ಪ್ರಾಂತ್ಯಕ್ಕೇ ಸೇರಿದ್ದ ಮಂಗಳೂರಿನಲ್ಲಿ 1906ರಲ್ಲಿಯೇ ಅಮ್ಮೆಂಬಳ ಸುಬ್ಬರಾವ್ ಪೈಗಳು, ಮುಂದೆ ಕೆನರಾ ಬ್ಯಾಂಕ್ ಎಂದು ಪ್ರಸಿದ್ಧವಾದ ನಿಧಿಯನ್ನು ಆರಂಭಿಸಿದ್ದರು. ಪರರ ಹಣವನ್ನು ಕಾಯುವವನಿಗೆ ಚಿರಕಾರಿತ್ವವು ಒಂದು ವ್ರತ. ಸಹಿಯನ್ನು ಎರಡು ಬಾರಿ ತಾಳೆ ನೋಡುವುದು, ಮೇಲಿನವರು ಅವಸರಪಡಿಸಿದರೂ ಕಾಗದಪತ್ರವನ್ನು ಪೂರ್ತಿ ಓದಿಯೇ ರುಜು ಹಾಕುವುದು, ಇವೆಲ್ಲ ಆ ವ್ರತದ ಅಂಗಗಳು.

ಆದರೆ ಇಲ್ಲೊಂದು ಸೂಕ್ಷ್ಮವಿದೆ. ಚಿರಕಾರಿಯ ಹೆಸರು ಹೇಳಿ ಆಲಸ್ಯವನ್ನೂ ಭಯವನ್ನೂ ಪೂಜಿಸುವವರು ಉಂಟು. ಗಂಡನನ್ನು ಕಳೆದುಕೊಂಡ ಹೆಣ್ಣುಮಗಳೊಬ್ಬಳು ಅವನ ಖಾತೆಯ ಹಣಕ್ಕಾಗಿ ಕಚೇರಿಗೆ ಬರುತ್ತಾಳೆನ್ನೋಣ. ಕಾಗದಗಳೆಲ್ಲ ಕ್ರಮವಾಗಿವೆ. ಆದರೂ ಮುಂದೆ ಯಾರಾದರೂ ಆಕ್ಷೇಪವೆತ್ತಿದರೆ ಎಂಬ ಅಂಜಿಕೆಯಿಂದ ಅಧಿಕಾರಿ “ನಾಳೆ ಬನ್ನಿ ಅಮ್ಮ” ಎನ್ನುತ್ತಾನೆ. ನಾಳೆಯೂ ಅದೇ ಮಾತು. ಹೊರಗಿನಿಂದ ನೋಡುವವರಿಗೆ ಇದೂ ಎಚ್ಚರಿಕೆಯಂತೆಯೇ ತೋರುತ್ತದೆ. ಎರಡಕ್ಕೂ ಇರುವ ಭೇದವನ್ನು ತಿಳಿಯಲು ಒಂದೇ ಪರೀಕ್ಷೆ ಸಾಕು: ಈ ತಡದಿಂದ ಯಾರು ಉಳಿಯುತ್ತಾರೆ? ಚಿರಕಾರಿಯು ತಡ ಮಾಡಿದ್ದರಿಂದ ಉಳಿದವಳು ತಾಯಿ. ತಂದೆಯ ಕೋಪಕ್ಕೆ ಒಡ್ಡಿಕೊಂಡವನು ತಾನು. ಭೀರುವು ತಡ ಮಾಡಿದಾಗ ಉಳಿಯುವವನು ತಾನು; ಕಷ್ಟಕ್ಕೆ ಸಿಕ್ಕುವವಳು ಹೊರಗೆ ಕಾದು ಕುಳಿತವಳು. ಮೊದಲನೆಯದು ಧರ್ಮ, ಎರಡನೆಯದು ಧರ್ಮದ ವೇಷ ತೊಟ್ಟ ಸ್ವಾರ್ಥ.

ಯೋಚನೆಯು ಎಲ್ಲಿ ಮುಗಿಯಬೇಕೆಂಬುದನ್ನು ಶ್ರೀರಾಮಚಂದ್ರನು ತೋರಿಸಿಕೊಟ್ಟಿದ್ದಾನೆ. ಸಮುದ್ರತೀರದಲ್ಲಿ ವಿಭೀಷಣನು ಶರಣು ಬಂದಾಗ ಸುಗ್ರೀವನು ಅವನನ್ನು ವಧಿಸಬೇಕೆಂದನು. ಅಂಗದನು ಪರೀಕ್ಷಿಸಬೇಕೆಂದನು, ಶರಭನು ಗೂಢಚಾರನನ್ನು ಕಳುಹಿಸಬೇಕೆಂದನು, ಬಂದ ದೇಶಕಾಲಗಳೇ ಸರಿಯಿಲ್ಲವೆಂದು ಜಾಂಬವಂತನು ಶಂಕಿಸಿದನು. ಬಂದವನ ಮಾತಿನಲ್ಲಾಗಲಿ ಮುಖದಲ್ಲಾಗಲಿ ದುಷ್ಟತನ ಕಾಣದೆಂದು ಹನುಮಂತನು ಹೇಳಿದನು. ರಾಮನು ಒಬ್ಬರನ್ನೂ ತಡೆಯದೆ, ಯಾರ ಮಾತನ್ನೂ ತಿರಸ್ಕರಿಸದೆ ಎಲ್ಲವನ್ನೂ ಕೇಳಿದನು. ಬಳಿಕ ಅಭಯವನ್ನಿತ್ತನು. ಆ ನಿರ್ಣಯದ ಹೊಣೆಯನ್ನು ಮತ್ತೊಬ್ಬರ ತಲೆಗೆ ಕಟ್ಟಲಿಲ್ಲ; ಬಂದವನನ್ನು ನಾಳೆ ಬಾರೆಂದು ಹಿಂದಕ್ಕೆ ಕಳುಹಿಸಲೂ ಇಲ್ಲ. ಕೇಳುವಾಗ ಅವನು ಚಿರಕಾರಿ, ಅಭಯವನ್ನೀಯುವಾಗ ಕ್ಷಿಪ್ರಕಾರಿ.

ಆದುದರಿಂದಲೇ ಹಿರಿಯರು ಮಹಾನವಮಿಯ ಮರುದಿನವೇ ವಿಜಯದಶಮಿಯನ್ನಿಟ್ಟರೆಂದು ಭಾವಿಸುವುದು ಉಚಿತ. ಕೆಳಗಿಟ್ಟ ಆಯುಧವನ್ನು ಎತ್ತಿಕೊಳ್ಳದಿದ್ದರೆ ಪೂಜೆ ಪೂರ್ಣವಾಗುವುದಿಲ್ಲ. ಲೇಖನಿಯನ್ನು ದೇವಿಯ ಪಾದದಲ್ಲಿಡುವಾಗ ಭಕ್ತನು ತನ್ನ ಕೋಪ, ಲೋಭ, ಆತುರಗಳನ್ನು ಅಲ್ಲಿಯೇ ಬಿಡಬೇಕು. ಮರುದಿನ ಅದನ್ನು ಕೈಗೆತ್ತಿಕೊಳ್ಳುವಾಗ ಭಯವನ್ನೂ ಅಲ್ಲಿಯೇ ಬಿಟ್ಟು ಏಳಬೇಕು. ಹಾಗೆ ಎತ್ತಿಕೊಂಡ ಲೇಖನಿಯಿಂದ ಮೂಡುವ ಒಂದು ರುಜುವೂ ದೇವಿಗೆ ಸಲ್ಲಿಸಿದ ಅರ್ಚನೆಯಾಗುತ್ತದೆ.

ವಿಚಾರಿಸುವ ತಾಳ್ಮೆಯನ್ನೂ ವಿಚಾರಿಸಿದ್ದನ್ನು ನಡೆಸುವ ಧೈರ್ಯವನ್ನೂ ಜಗನ್ಮಾತೆ ಶ್ರೀ ಚಾಮುಂಡೇಶ್ವರಿಯು ಸಕಲರಿಗೂ ಕರುಣಿಸಲಿ.