ತರಗತಿಯ ಮಟ್ಟ, ಮಗುವಿನ ಮಟ್ಟ

ಒಂದೇ ವಯಸ್ಸಿನ ಎಲ್ಲ ಮಕ್ಕಳಿಂದ ಒಂದೇ ಗಣಿತವನ್ನು ನಿರೀಕ್ಷಿಸುವುದು ನ್ಯಾಯವೇ? ಅಮೆರಿಕದಲ್ಲಿ 2010ರಲ್ಲಿ ಪ್ರಕಟವಾದ ಕಾಮನ್ ಕೋರ್ ಮಾನದಂಡಗಳು ಹೌದೆನ್ನುತ್ತವೆ. ಮೂರನೆಯ ತರಗತಿ ಮುಗಿಯುವಷ್ಟರಲ್ಲಿ ಒಂದಂಕಿ ಸಂಖ್ಯೆಗಳ ಗುಣಲಬ್ಧಗಳೆಲ್ಲ ಬಾಯಿಪಾಠವಾಗಿರಬೇಕು. ಭಿನ್ನರಾಶಿಯನ್ನು ಸಂಖ್ಯಾರೇಖೆಯ ಮೇಲೆ ಗುರುತಿಸಲು ಬರಬೇಕು.

ಕಂಪ್ಯೂಟರಿನ ಹೊಂದಾಣಿಕೆ ಪರೀಕ್ಷೆಯ ದಾರಿ ಬೇರೆ. ಉತ್ತರ ಸರಿಯಾದರೆ ಮುಂದಿನ ಪ್ರಶ್ನೆ ಕಠಿಣವಾಗುತ್ತದೆ, ತಪ್ಪಾದರೆ ಸುಲಭವಾಗುತ್ತದೆ. ಪ್ರಶ್ನೆಯ ಕಠಿಣತೆಯನ್ನೂ ಮಗುವಿನ ಸಾಮರ್ಥ್ಯವನ್ನೂ ಒಂದೇ ಅಳತೆಪಟ್ಟಿಯ ಮೇಲೆ ಇಡುವ ಗಣಿತವನ್ನು ಡೆನ್ಮಾರ್ಕಿನ ಜಾರ್ಜ್ ರಾಷ್ 1960ರಲ್ಲಿ ಪ್ರಕಟಿಸಿದ್ದರು. ಐದನೆಯ ತರಗತಿಯ ಮಗು ಮೂರನೆಯದರ ಭಾಗಾಕಾರದಲ್ಲೇ ತಡವರಿಸುತ್ತಿದ್ದರೆ ಈ ಪರೀಕ್ಷೆ ಅದನ್ನು ಕಂಡುಹಿಡಿಯಬಲ್ಲದು. ಅದು ದೊಡ್ಡ ಉಪಕಾರವೇ ಸರಿ.

ತೊಡಕು ಇರುವುದು ಅಂಕದ ಅರ್ಥದಲ್ಲಿ. ಇಂಥ ಪರೀಕ್ಷೆಗಳ ಫಲಿತಾಂಶವನ್ನು ಹಲವೊಮ್ಮೆ ಅದೇ ತರಗತಿಯ ಇತರ ಮಕ್ಕಳ ಅಂಕದೊಡನೆ ಹೋಲಿಸಿ ಹೇಳುತ್ತಾರೆ. ನಡುವಿನ ಮಗುವಿನ ಅಂಕವನ್ನೇ ತರಗತಿಯ ಮಟ್ಟವೆಂದು ಕರೆದರೆ, ಎಷ್ಟೇ ಚೆನ್ನಾಗಿ ಕಲಿಸಿದರೂ ಸುಮಾರು ಅರ್ಧದಷ್ಟು ಮಕ್ಕಳು ಅದರ ಕೆಳಗೇ ಉಳಿಯುತ್ತಾರೆ. ಮಾನದಂಡ ಹಾಗಲ್ಲ, ಎಲ್ಲರೂ ದಾಟಬಹುದಾದ, ಯಾರೂ ದಾಟದಿರಲೂಬಹುದಾದ ಗೆರೆ ಅದು. ಇರುವುದನ್ನು ಇರಬೇಕಾದುದೆಂದು ತಿಳಿಯುವ ಹಳೆಯ ತಾತ್ವಿಕ ದೋಷವೇ ಇಲ್ಲಿ ಅಂಕಿಗಳ ವೇಷ ತೊಟ್ಟಿದೆ.

ಇನ್ನೊಂದು ಅಪಾಯ ಇದಕ್ಕಿಂತ ಗಂಭೀರ. ಹಿಂದುಳಿದ ಮಗುವಿಗೆ ಅದರ ಮಟ್ಟದ್ದನ್ನಷ್ಟೇ ಕಲಿಸುತ್ತ ಹೋದರೆ ತರಗತಿಯ ಗಣಿತ ಅದರ ಕಣ್ಣಿಗೇ ಬೀಳುವುದಿಲ್ಲ. 2015ರ ಅಮೆರಿಕದ ಶಿಕ್ಷಣ ಕಾಯಿದೆ ಹೊಂದಾಣಿಕೆ ಪರೀಕ್ಷೆಗಳಿಗೆ ತರಗತಿಯ ಆಚೀಚೆ ಅಳೆಯಲು ಅವಕಾಶ ಕೊಟ್ಟಿತು. ಆದರೆ ಮಗು ತನ್ನ ತರಗತಿಯ ಗುರಿ ಮುಟ್ಟಿದೆಯೇ ಎಂಬುದನ್ನು ಹೇಳಲೇಬೇಕೆಂದು ಕಡ್ಡಾಯಗೊಳಿಸಿತು. ಆ ಕಡ್ಡಾಯ ನ್ಯಾಯವಾದದ್ದು.