ಪರರ ಮನಸ್ಸನ್ನು ಓದುವ ಪ್ರಾಣಿ

ಧಾರವಾಡದಿಂದ ಅಳ್ನಾವರದ ಕಡೆಗೆ ಹೋಗುವ ರೈಲುದಾರಿಯಲ್ಲಿ ಮುಗದ ಒಂದು ಸಣ್ಣ ನಿಲ್ದಾಣ. ಊರಿಗೊಂದು ದೊಡ್ಡ ಕೆರೆ, ಸುತ್ತಲೂ ಬತ್ತದ ಗದ್ದೆ, ಕೃಷಿ ವಿಶ್ವವಿದ್ಯಾಲಯದ ಬತ್ತದ ಸಂಶೋಧನ ಕೇಂದ್ರ. ಅದು ನನ್ನ ಹೆಂಡತಿಯ ತವರೂರು. ಆಕೆ ತೀರಿಕೊಂಡ ಮೇಲೆ ಅಲ್ಲಿಗೆ ಹೋಗುವ ನೆವವೇ ಇಲ್ಲವಾಗಿತ್ತು. ಈ ಸಲದ ರಜೆಯಲ್ಲಿ ಮೊಮ್ಮಗನನ್ನು ಕರೆದುಕೊಂಡು ಹೋದೆ. ಸಂಜೆ ಕೆರೆಯ ಏರಿಯ ಮೇಲೆ ಕುಳಿತು ನಾನು ನೀರನ್ನು ನೋಡುತ್ತಿದ್ದೆ. ಹುಡುಗ ಕೈಯೊಳಗಿನ ಆಟದ ಯಂತ್ರವನ್ನು ನೋಡುತ್ತಿದ್ದ.

ಪೋಕೆಮಾನ್ ಎಂಬ ಆಟ ಅದು. 1996ರಲ್ಲಿ ಜಪಾನಿನಲ್ಲಿ ಹುಟ್ಟಿತು. ಬಗೆಬಗೆಯ ಪ್ರಾಣಿಗಳನ್ನು ಹುಡುಕಿ ಹಿಡಿದು, ಪಳಗಿಸಿ, ಒಂದಕ್ಕೊಂದು ಕಾದಲು ಬಿಡಬೇಕು. ಇದನ್ನು ಕಲ್ಪಿಸಿದ ಸಟೋಷಿ ತಾಜಿರಿ ಎಂಬಾತನಿಗೆ ಚಿಕ್ಕಂದಿನಲ್ಲಿ ಹುಳು ಹಿಡಿದು ಕೂಡಿಹಾಕುವ ಹುಚ್ಚಿತ್ತಂತೆ. ಬೆಂಕಿಪೆಟ್ಟಿಗೆಯಲ್ಲಿ ಜೀರಂಗಿ ಸಾಕಿದ ನನ್ನಂಥವನಿಗೆ ಆ ಹುಚ್ಚು ಹೊಸದಲ್ಲ. ಹುಡುಗ ತೋರಿಸಿದ ಪ್ರಾಣಿ ಮಾತ್ರ ಹೊಸದು. ಅದರ ಹೆಸರು ಅಬ್ರಾ. ನರಿಯ ಮೋರೆ, ಹಳದಿ ಮೈ, ಮುಚ್ಚಿದ ಕಣ್ಣು. ದಿನಕ್ಕೆ 18 ಗಂಟೆ ನಿದ್ದೆ. ಆದರೆ ಅದಕ್ಕೆ ಇನ್ನೊಬ್ಬರ ಮನಸ್ಸನ್ನು ಓದುವ ಶಕ್ತಿಯುಂಟು. ಅಪಾಯದ ಸುಳಿವು ಸಿಕ್ಕೊಡನೆ ಇದ್ದಲ್ಲಿಂದ ಮಾಯವಾಗಿ ಬೇರೊಂದು ಕಡೆ ಹೋಗಿ ಸೇರುತ್ತದೆ. ಆದ್ದರಿಂದಲೇ ಅದನ್ನು ಹಿಡಿಯುವುದು ಕಷ್ಟವಂತೆ.

"ಅಜ್ಜಾ, ಇದು ನಿನ್ನ ಹತ್ರ ಇದ್ದಿದ್ರ ಯಾರ ಮನಸ್ಸು ಓದ್ತಿದ್ದಿ?" ಎಂದು ಕೇಳಿದ.

ನಾನು ನಕ್ಕು ಸುಮ್ಮನಾದೆ. ಆದರೆ ಪ್ರಶ್ನೆ ಸುಮ್ಮನಾಗಲಿಲ್ಲ.

ಪರರ ಮನಸ್ಸನ್ನು ಅರಿಯುವ ಆಸೆ ಜಪಾನಿನ ಆಟದವರು ತಂದದ್ದಲ್ಲ. ಪತಂಜಲಿಯ ಯೋಗಸೂತ್ರದಲ್ಲಿ ಪರಚಿತ್ತಜ್ಞಾನ ಒಂದು ವಿಭೂತಿ. ಆದರೆ ಇಂಥ ಸಿದ್ಧಿಗಳೇ ಸಮಾಧಿಗೆ ತೊಡಕೆಂಬ ಎಚ್ಚರಿಕೆಯೂ ಅಲ್ಲೇ ಇದೆ. ಜೈನರು ಇನ್ನೂ ಬಿಗಿಯಾಗಿ ಹೇಳಿದರು. ಅವರೆಣಿಸಿದ ಐದು ಜ್ಞಾನಗಳಲ್ಲಿ ಮೂರನೆಯದಾದ ಅವಧಿಜ್ಞಾನ ದೇವತೆಗಳಿಗೂ ನಾರಕಿಗಳಿಗೂ ಹುಟ್ಟಿನಿಂದಲೇ ಬರುತ್ತದೆ. ಇನ್ನೊಬ್ಬರ ಮನಸ್ಸನ್ನು ತಿಳಿಯುವ ಮನಃಪರ್ಯಯಜ್ಞಾನವಾದರೋ ಸಂಯಮಿಯಾದ ಮುನಿಗಲ್ಲದೆ ಮತ್ತಾರಿಗೂ ದಕ್ಕದು. ಇದರಲ್ಲಿ ದೊಡ್ಡ ವಿವೇಕವಿದೆ. ತನಗಾಗಿ ಏನನ್ನೂ ಬಯಸದವನು ಮಾತ್ರ ಇನ್ನೊಬ್ಬರ ಒಳಮನೆಗೆ ಕಾಲಿಡಲು ಯೋಗ್ಯ. ಉಳಿದವರು ಕಾಲಿಟ್ಟರೆ ಅದು ಕಳವು.

ನಮ್ಮ ಊರುಗಳಿಗೆ ಕೌಲೆತ್ತಿನವರು ಬರುತ್ತಿದ್ದುದು ಹಿರಿಯ ವಾಚಕರಿಗೆ ನೆನಪಿರಬಹುದು. "ಈ ಮನಿಗೆ ಒಳ್ಳೇದಾಗತೈತೇನು ಬಸವಣ್ಣಾ?" ಎಂದರೆ ಎತ್ತು ಗೋಣು ಹಾಕುತ್ತಿತ್ತು. ಹೆಂಗಸರು ಮೊರದಲ್ಲಿ ಜೋಳ ತಂದು ಸುರಿಯುತ್ತಿದ್ದರು. ಎತ್ತಿಗೆ ನಮ್ಮ ಭವಿಷ್ಯ ಗೊತ್ತಿರಲಿಲ್ಲ, ಒಡೆಯನ ಸನ್ನೆ ಗೊತ್ತಿತ್ತು. ಬರ್ಲಿನ್ನಿನಲ್ಲಿ 1904ರ ಸುಮಾರಿಗೆ ಹಾನ್ಸ್ ಎಂಬ ಕುದುರೆ ಇದಕ್ಕಿಂತ ದೊಡ್ಡ ಹೆಸರು ಮಾಡಿತು. ಲೆಕ್ಕ ಕೇಳಿದರೆ ಗೊರಸು ಬಡಿದು ಉತ್ತರ ಹೇಳುತ್ತಿತ್ತು. ಒಡೆಯನ ಮೋಸವೇನೂ ಇರಲಿಲ್ಲ. ಆತ ಹತ್ತಿರವಿಲ್ಲದಾಗಲೂ ಅದು ಉತ್ತರಿಸುತ್ತಿತ್ತು. ಫುಂಗ್‌ಸ್ಟ್ ಎಂಬ ಶೋಧಕ ಪರೀಕ್ಷಿಸಿ 1907ರಲ್ಲಿ ಗುಟ್ಟನ್ನು ಬಯಲಿಗಿಟ್ಟ. ಸರಿಯಾದ ಸಂಖ್ಯೆ ಬಂದೊಡನೆ ಕೇಳಿದವನ ತಲೆ ತನಗರಿಯದೆಯೇ ಎಳ್ಳಷ್ಟು ಅಲುಗುತ್ತಿತ್ತು. ಅಷ್ಟನ್ನು ನೋಡಿ ಕುದುರೆ ಗೊರಸು ನಿಲ್ಲಿಸುತ್ತಿತ್ತು. ಕೇಳಿದವನಿಗೇ ಉತ್ತರ ತಿಳಿಯದಿದ್ದಾಗ ಕುದುರೆಗೂ ತಿಳಿಯುತ್ತಿರಲಿಲ್ಲ.

ಜನ ಇದನ್ನು ಕೇಳಿ, "ಇಷ್ಟೇ ಏನು?" ಎಂದು ಕೈಬಿಟ್ಟರು. ನನಗೆ ಇದು ಸಿದ್ಧಿಗಿಂತ ದೊಡ್ಡದಾಗಿ ಕಾಣುತ್ತದೆ. ಪಂಡಿತರ ಕಣ್ಣಿಗೆ ಬೀಳದ್ದು ಒಂದು ಮೂಕಪ್ರಾಣಿಯ ಕಣ್ಣಿಗೆ ಬಿತ್ತು. ಅದಕ್ಕೆ ಬೇಕಾದದ್ದು ಮಂತ್ರವಲ್ಲ, ಎದುರಿಗಿದ್ದವನನ್ನು ಬಿಡದೆ ನೋಡುವ ಗಮನ.

ಹುಡುಗನ ಪ್ರಶ್ನೆಗೆ ನನ್ನ ಮನಸ್ಸು ಕೊಟ್ಟ ಉತ್ತರ ಒಂದೇ ಆಗಿತ್ತು: ನಿನ್ನ ಅಜ್ಜಿಯ ಮನಸ್ಸು. ಒಂದು ಮಳೆಗಾಲದಲ್ಲಿ ಆಕೆ ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು ಅಡಿಗೆಮನೆಯ ಹೊಸ್ತಿಲಲ್ಲಿ ನಿಂತದ್ದನ್ನು ಕಂಡೆ. "ಏನಾತು?" ಎಂದೆ. "ಏನಿಲ್ರೀ, ವಾಯು ಆಗೇದ" ಎಂದಳು. ನಾನು ಪತ್ರಿಕೆಯ ಪುಟ ತಿರುವಿದೆ. ಮಗಳ ಬಾಣಂತನ ಮುಗಿಯುವವರೆಗೆ ನೋವನ್ನು ನುಂಗಿಕೊಳ್ಳಬೇಕೆಂದು ಆಕೆ ನಿಶ್ಚಯಿಸಿದ್ದಳೆಂದು ತಿಳಿದಾಗ ತಡವಾಗಿತ್ತು.

"ಆಕೆಯ ಮನಸ್ಸು ನನಗೆ ತಿಳಿಯಲಿಲ್ಲ" ಎಂದು ಎಷ್ಟೋ ವರ್ಷ ಹೇಳಿಕೊಂಡು ಬಂದೆ. ಕೆರೆಯ ಏರಿಯ ಮೇಲೆ ಆ ಮಾತು ಸುಳ್ಳೆನಿಸಿತು. ಹೊಸ್ತಿಲಲ್ಲಿ ನಿಂತ ಆ ಮುಖವನ್ನು ನಾನು ಓದಿದ್ದೆ. ಓದಿದ್ದರಿಂದಲೇ ಹೆದರಿದೆ, ಹೆದರಿದ್ದರಿಂದಲೇ ಪತ್ರಿಕೆಯ ಹಿಂದೆ ಮಾಯವಾದೆ. ಅಬ್ರಾ ಮಾಡುವುದೂ ಅದನ್ನೇ. ಮನಸ್ಸನ್ನು ಓದುವ ಶಕ್ತಿ ಅದರಲ್ಲಿದೆ. ಓದಿದ ಮೇಲೆ ನಿಲ್ಲುವ ಶಕ್ತಿ ಇಲ್ಲ.

ಹಾಗಾದರೆ ಆಕೆಯ ಮನಸ್ಸಿನೊಳಕ್ಕೆ ಒತ್ತಾಯದಿಂದ ನುಗ್ಗಬೇಕಿತ್ತೇ? ಇಲ್ಲ. ಮಗಳಿಗಾಗಿ ಮುಚ್ಚಿಟ್ಟ ನೋವು ಆಕೆಯದು. ಅದನ್ನು ಕದ್ದು ಓದುವ ಹಕ್ಕು ಗಂಡನಿಗೂ ಇಲ್ಲ. ಆದರೆ ಬಾಗಿಲ ಬಳಿ ನಿಂತು ಎರಡನೆಯ ಸಲ ಕೇಳುವ ಹಕ್ಕಿತ್ತು. ಹಕ್ಕೇನು, ಅದು ನನ್ನ ಕರ್ತವ್ಯವಾಗಿತ್ತು. ನಮ್ಮ ಮನೆಗಳಲ್ಲಿ ಮೊದಲ "ಏನಿಲ್ಲ" ಎಂಬುದು ಉತ್ತರವಲ್ಲ. ಕೇಳುವವನು ನಿಲ್ಲುತ್ತಾನೋ ಹೋಗುತ್ತಾನೋ ಎಂಬ ಪರೀಕ್ಷೆ ಅದು.

ಮರಳಿ ಬರುವಾಗ ರೈಲಿನಲ್ಲಿ ಹುಡುಗ ಆಟವನ್ನು ಮುಚ್ಚಿಟ್ಟು ಕಿಟಕಿಯಾಚೆ ನೋಡುತ್ತಿದ್ದ. "ಏನಾತೋ?" ಎಂದೆ. "ಏನಿಲ್ಲಜ್ಜ" ಎಂದ. ಕೈಯಲ್ಲಿದ್ದ ಪತ್ರಿಕೆಯನ್ನು ಮಡಚಿ ಚೀಲದಲ್ಲಿಟ್ಟೆ. ಸ್ವಲ್ಪ ಹೊತ್ತು ಬಿಟ್ಟು ಮತ್ತೊಮ್ಮೆ ಕೇಳಿದೆ. ಕ್ಯಾರಕೊಪ್ಪ ದಾಟಿದ ಮೇಲೆ, ಹೊಸ ಶಾಲೆಯಲ್ಲಿ ತನ್ನ ಪಕ್ಕಕ್ಕೆ ಯಾರೂ ಕೂಡುವುದಿಲ್ಲವೆಂದು ಮೆಲ್ಲಗೆ ಹೇಳತೊಡಗಿದ.